ಸೆಪ್ಟೆಂಬರ್ ಎಂಟನ್ನು ನಾವೇಕೆ ಮರೆತೆವು?

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಸೀಮೆಯ ಒಂದು ಪ್ರೌಢಶಾಲೆಯವರು ಮಣ್ಣು ಮತ್ತು ಬೀಜದ ವಿಷಯವಾಗಿ ಮಕ್ಕಳೊಡನೆ ಒಂದು ತಾಸು ಮಾತನಾಡಬೇಕೆಂದು ನನ್ನನ್ನು ಕರೆದಿದ್ದರು. ನಾನು ಹೋದ ದಿನ ಸೆಪ್ಟೆಂಬರ್ 8. ಹುಬ್ಬೆ ಮಳೆ ಬಿಡುವು ಕೊಡದೆ ಹೊಯ್ಯುತ್ತಿದ್ದುದರಿಂದ ಬೆಳಗಿನ ಪ್ರಾರ್ಥನೆ ಅಂಗಳದ ಬದಲು ಜಗಲಿಯಲ್ಲೇ ನಡೆಯಿತು. ಬಳಿಕ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು 'ಈ ದಿನದ ವಿಶೇಷ'ವನ್ನು ಓದಿದಳು. ಇಂದು ಅಂತರರಾಷ್ಟ್ರೀಯ ಸಾಕ್ಷರತಾ ದಿನ. 1926ರಲ್ಲಿ ಭೂಪೇನ್ ಹಜಾರಿಕಾ ಹುಟ್ಟಿದ ದಿನ. 1933ರಲ್ಲಿ ಆಶಾ ಭೋಸ್ಲೆ ಹುಟ್ಟಿದ ದಿನ. 1966ರಲ್ಲಿ ಅಮೆರಿಕದ ದೂರದರ್ಶನದಲ್ಲಿ 'ಸ್ಟಾರ್ ಟ್ರೆಕ್' ಎಂಬ ಧಾರಾವಾಹಿ ಆರಂಭವಾದ ದಿನ. ಎಲ್ಲರೂ ಚಪ್ಪಾಳೆ ತಟ್ಟಿದರು. ಹುಡುಗಿ ಬಹಳ ಸ್ಪಷ್ಟವಾಗಿ ಓದಿದ್ದಳು, ಅವಳದೇನೂ ತಪ್ಪಿಲ್ಲ. ಮೇಷ್ಟರ ಮೊಬೈಲಿನಲ್ಲಿ ಸಿಕ್ಕಿದ ಪಟ್ಟಿಯನ್ನು ಅವಳು ಬರೆದುಕೊಂಡು ಬಂದಿದ್ದಳು.

ಆದರೆ ಆ ಪಟ್ಟಿಯಲ್ಲಿ ಸಾಲ್ಕಣಿ ಇರಲಿಲ್ಲ. ಪೂರ್ಣಚಂದ್ರ ತೇಜಸ್ವಿಯವರೂ ಇರಲಿಲ್ಲ. ಘಟ್ಟದ ನೆತ್ತಿಯ ಮೇಲಿರುವ ಒಂದು ಶಾಲೆಯಲ್ಲಿ, ಕಿಟಕಿಯಾಚೆಗೆ ಕಾಡು ಕಾಣುತ್ತಿರುವಾಗ, ಅಮೆರಿಕದ ಧಾರಾವಾಹಿಗೆ ಚಪ್ಪಾಳೆ ಬಿದ್ದು ಇವೆರಡು ಬಿಟ್ಟುಹೋದುದು ನನ್ನನ್ನು ಅಂದಿನಿಂದ ಕಾಡುತ್ತಿದೆ.

ಓದುಗ ಮಿತ್ರರು ತಪ್ಪು ತಿಳಿಯಬಾರದು. ಒಂದೇ ತಾರೀಖಿನಲ್ಲಿ ಹಲವು ಘಟನೆಗಳು ಕೂಡಿ ಬಂದರೆ ಅದರಲ್ಲಿ ಏನೋ ಗೂಢಾರ್ಥವಿದೆಯೆಂದು ನಾನು ನಂಬುವವನಲ್ಲ. ವರ್ಷಕ್ಕೆ ಇರುವುದೇ 365 ದಿನ, ಮನುಷ್ಯರ ಚರಿತ್ರೆಯೋ ಸಾವಿರಾರು ವರ್ಷಗಳದು. ಯಾವ ದಿನವನ್ನು ಕೆದಕಿದರೂ ಹತ್ತು ಹುಟ್ಟು, ಹತ್ತು ಸಾವು, ಎರಡು ಯುದ್ಧ ಸಿಕ್ಕಿಯೇ ಸಿಗುತ್ತವೆ. ವಿದ್ಯಾರ್ಥಿಗಳು ಬೇಕಾದರೆ ಲೆಕ್ಕ ಹಾಕಿ ನೋಡಲಿ. ತರಗತಿಯಲ್ಲಿ ಇಪ್ಪತ್ತಮೂರು ಜನರಿದ್ದರೆ ಸಾಕು, ಅವರಲ್ಲಿ ಯಾರಾದರೂ ಇಬ್ಬರ ಹುಟ್ಟಿದ ತಾರೀಖು ಒಂದೇ ಆಗಿರುವ ಸಂಭವ ಅರ್ಧಕ್ಕಿಂತ ಹೆಚ್ಚು. ಹೀಗೆ ತಾರೀಖುಗಳು ಕೂಡಿ ಬರುವುದು ಬರಿಯ ಗಣಿತ. ಆದರೆ ಆ ರಾಶಿಯಿಂದ ಯಾವುದನ್ನು ಹೆಕ್ಕಿ ಮಕ್ಕಳಿಗೆ ಓದಿಸುತ್ತೇವೆ ಎಂಬುದು ಗಣಿತವಲ್ಲ, ಅದು ನಮ್ಮ ಆಯ್ಕೆ. ಈಗ ಆ ಆಯ್ಕೆಯನ್ನು ನಮ್ಮ ಪರವಾಗಿ ಎಲ್ಲೋ ಕುಳಿತ ಯಾರೋ ಮಾಡುತ್ತಿದ್ದಾರೆ. ನನ್ನ ತಕರಾರು ಇಷ್ಟೇ.

1983ರ ಸೆಪ್ಟೆಂಬರ್ 8ರಂದು ಏನು ನಡೆಯಿತೆಂಬುದನ್ನು ಹಿರಿಯ ಓದುಗರಿಗೆ ಹೇಳಬೇಕಾಗಿಲ್ಲ, ಕಿರಿಯರಿಗಾಗಿ ಹೇಳುತ್ತೇನೆ. ಶಿರಸಿ ತಾಲ್ಲೂಕಿನ ಸಾಲ್ಕಣಿ ಮತ್ತು ಸುತ್ತಲಿನ ಹಳ್ಳಿಗಳ ಗಂಡಸರು, ಹೆಂಗಸರು, ಯುವಕರು ಕಳಸೆ ಕಾಡಿಗೆ ನಡೆದುಹೋದರು. ಅಲ್ಲಿ ಗುತ್ತಿಗೆದಾರರ ಆಳುಗಳು ಮರ ಕಡಿಯುತ್ತಿದ್ದರು. ಬಂದವರು ಮರಗಳನ್ನು ತಬ್ಬಿಕೊಂಡು ನಿಂತರು. ಅದಕ್ಕೆ 'ಅಪ್ಪಿಕೋ' ಎಂಬ ಹೆಸರಾಯಿತು. ಹಿಮಾಲಯದ ಚಿಪ್ಕೊ ಚಳವಳಿಯ ಸುಂದರಲಾಲ್ ಬಹುಗುಣ ಅವರು ಹಿಂದಿನ ತಿಂಗಳಷ್ಟೇ ಈ ಭಾಗಕ್ಕೆ ಬಂದು ಮಾತನಾಡಿ ಹೋಗಿದ್ದರು. ಪಾಂಡುರಂಗ ಹೆಗಡೆಯವರಂತಹ ತರುಣರು ಊರೂರು ತಿರುಗಿ ಜನರನ್ನು ಕೂಡಿಸಿದ್ದರು. ಕಾಡಿನೊಳಗಿನ ಆ ಪ್ರತಿಭಟನೆ 38 ದಿನ ನಡೆಯಿತು. ಕೊನೆಗೆ ಕಡಿತ ನಿಂತಿತು. ಅಂದು ನಾನಿನ್ನೂ ತೊಟ್ಟಿಲ ಕೂಸು. ನಾನು ತಿಳಿದದ್ದೆಲ್ಲ ಹಿರಿಯರ ಬಾಯಿಂದ ಕೇಳಿ, ಓದಿ ತಿಳಿದದ್ದು. ಆದರೆ ಸೆಪ್ಟೆಂಬರಿನ ಕಾಡು ಹೇಗಿರುತ್ತದೆಂಬುದು ಗೊತ್ತು. ಕಾಲಿಡಲಾಗದ ಕೆಸರು, ಹೆಜ್ಜೆ ಹೆಜ್ಜೆಗೂ ಉಂಬಳ, ಮೇಲಿನಿಂದ ಸೋರುವ ನೀರು. ಗದ್ದೆ ಕೊಟ್ಟಿಗೆಯ ಕೆಲಸ ಬಿಟ್ಟು ಅಂತಹ ಕಾಡಿನಲ್ಲಿ ದಿನಗಟ್ಟಲೆ ನಿಲ್ಲುವುದೆಂದರೆ ಅದು ಭಾಷಣದ ವಿಷಯವಲ್ಲ.

ಅವರು ಹಾಗೆ ನಿಂತದ್ದು ಮರದ ಮೇಲಿನ ಬರಿಯ ಮಮತೆಯಿಂದ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಮಮತೆ ಇತ್ತು, ಲೆಕ್ಕವೂ ಇತ್ತು. ಕಣಿವೆಯ ಅಡಿಕೆ ತೋಟ ಬದುಕುವುದು ಮೇಲಿನ ಗುಡ್ಡದಿಂದ. ತೋಟಕ್ಕೆ ಹಾಸುವ ಸೊಪ್ಪು, ಕೊಟ್ಟಿಗೆಗೆ ಹೊದಿಸುವ ತರಗೆಲೆ, ಬೇಸಿಗೆಯ ಕೊನೆಯವರೆಗೆ ಬತ್ತದ ಅಬ್ಬಿಯ ನೀರು, ಇವು ಮೂರೂ ಬರುವುದು ಅಲ್ಲಿಂದಲೇ. ನಿತ್ಯಹಸಿರು ಕಾಡನ್ನು ಬೋಳಿಸಿ ತೇಗದ ಸಾಲು ನೆಟ್ಟರೆ ಸರಕಾರದ ಲೆಕ್ಕದಲ್ಲಿ ಅದೂ ಅರಣ್ಯವೇ. ರೈತನ ಲೆಕ್ಕದಲ್ಲಿ ಅದು ದನ ಮೂಸದ ಎಲೆ, ಬೇಸಿಗೆಯಲ್ಲಿ ಬೋಳಾಗಿ ನಿಲ್ಲುವ ಗುಡ್ಡ. 'ಉಳಿಸು, ಬೆಳೆಸು, ಬಳಸು' ಎಂಬ ಚಳವಳಿಯ ಮೂರು ಮಾತುಗಳಲ್ಲಿ ಮೂರನೆಯದನ್ನು ಪಟ್ಟಣದ ಪರಿಸರಪ್ರಿಯರು ಹೆಚ್ಚಾಗಿ ಮರೆಯುತ್ತಾರೆ. 'ಬಳಸು' ಎಂಬ ಮಾತು ಅಲ್ಲಿ ಇಲ್ಲದಿದ್ದರೆ ಸಾಲ್ಕಣಿಯವರು ಬರುತ್ತಿದ್ದರೋ ಇಲ್ಲವೋ ಎಂಬ ಸಂಶಯ ನನಗಿದೆ.

ಇದೇ ತಾರೀಖಿನಂದು, 1938ರಲ್ಲಿ, ಕುವೆಂಪು ಅವರ ಹಿರಿಯ ಮಗ ತೇಜಸ್ವಿ ಹುಟ್ಟಿದರು. ಅವರನ್ನು ನಾಡು ಮರೆತಿದೆಯೆಂದು ದೂರಲಾಗದು. ಅವರ ಹೆಸರಿನ ಅಂಗಿಗಳೇ ಮಾರಾಟವಾಗುತ್ತಿವೆ. ಆ ಅಂಗಿ ತೊಟ್ಟು ಚಾರಣಕ್ಕೆ ಬಂದವರು ನಮ್ಮ ಹಳ್ಳದ ಬದಿಯಲ್ಲಿ ಬಿಟ್ಟುಹೋದ ನೀರಿನ ಬಾಟಲಿಗಳನ್ನು ನಾನೇ ಆರಿಸಿದ್ದುಂಟು. ಅದಿರಲಿ. ವಿಶ್ವವಿದ್ಯಾಲಯದ ಪದವಿ ಪಡೆದೂ ಮೂಡಿಗೆರೆಯ ಕಡೆ ಕಾಫಿ ಬೆಳೆಯುತ್ತ ನೆಲೆಸಿದ ಈ ಲೇಖಕರು 1980ರಲ್ಲಿ 'ಕರ್ವಾಲೊ' ಕಾದಂಬರಿ ಪ್ರಕಟಿಸಿದಾಗ ನನ್ನ ವೃತ್ತಿಯವರಿಗೊಂದು ಉಪಕಾರ ಮಾಡಿದರು. ಅದರ ಕೇಂದ್ರದಲ್ಲಿರುವವನು ಒಬ್ಬ ಕೃಷಿ ವಿಜ್ಞಾನಿ. ಅವನು ಹಾರುವ ಓತಿಯನ್ನು ಹುಡುಕಿ ಹೊರಡುವಾಗ ನೆಚ್ಚಿಕೊಳ್ಳುವುದು ಪ್ರಯೋಗಶಾಲೆಯನ್ನಲ್ಲ, ಊರವರು ಕೆಲಸಕ್ಕೆ ಬಾರದವನೆಂದು ತಿಳಿದ ಜೇನು ಹಿಡಿಯುವ ಮಂದಣ್ಣನ ಕಣ್ಣನ್ನು. ಡಾಕ್ಟರೇಟು ಮುಗಿಸಿ ಮಲೆನಾಡಿಗೆ ಮರಳಿದಾಗ ನನಗೆ ಗದ್ದೆಯ ಭಾಷೆ ಅರ್ಥವಾಗುತ್ತಿರಲಿಲ್ಲ. ಬತ್ತದ ತಳಿಗಳನ್ನು ಹೊಡೆಯೊಡೆಯುವ ಮುಂಚೆಯೇ ಗರಿಯ ಬಣ್ಣದಿಂದ ಗುರುತಿಸಲು ಕಲಿಸಿದವರು ಮೂರನೆಯ ತರಗತಿಗೆ ಶಾಲೆ ಬಿಟ್ಟ ಒಬ್ಬ ಅಜ್ಜ. ನಮ್ಮಲ್ಲಿ ಇಂತಹ ಮಂದಣ್ಣರು ಊರಿಗೊಬ್ಬರಂತೆ ಇದ್ದರು. ಈಗ ಬೆರಳೆಣಿಕೆ. ಹಾರುವ ಓತಿ ಮಾತ್ರ ಅಡಿಕೆ ಮರದಿಂದ ಮರಕ್ಕೆ ಈಗಲೂ ಜಾರುತ್ತದೆ, ತಲೆಯೆತ್ತಿ ನೋಡುವ ಮಕ್ಕಳು ಕಡಿಮೆಯಾಗಿದ್ದಾರೆ.

ಇನ್ನು ಇದೇ ತಾರೀಖಿನ ಮತ್ತೊಂದು ಸಂಗತಿ. ದೂರದ ರಷ್ಯಾದ್ದು, ಆದರೆ ಬೀಜ ಕಟ್ಟಿಡುವ ಪ್ರತಿಯೊಬ್ಬ ರೈತನಿಗೂ ಸಂಬಂಧಿಸಿದ್ದು. 1941ರ ಸೆಪ್ಟೆಂಬರ್ 8ರಂದು ಜರ್ಮನ್ ಸೇನೆ ಲೆನಿನ್‌ಗ್ರಾಡ್ ನಗರದ ಕೊನೆಯ ಭೂಮಾರ್ಗವನ್ನು ಕಡಿದುಹಾಕಿತು. ಅದೇ ದಿನ ಬಾಂಬಿನ ದಾಳಿಗೆ ನಗರದ ಆಹಾರದ ಉಗ್ರಾಣಗಳು ಹೊತ್ತಿ ಉರಿದವು. ಮುತ್ತಿಗೆ ಪೂರ್ತಿಯಾಗಿ ಮುಗಿದದ್ದು 1944ರ ಜನವರಿ 27ರಂದು. ಮೊದಲ ಚಳಿಗಾಲದಲ್ಲಿ ಕಾರ್ಮಿಕರಲ್ಲದವರಿಗೆ ದಿನವೊಂದಕ್ಕೆ ಸಿಗುತ್ತಿದ್ದ ಪಡಿ 125 ಗ್ರಾಂ ಬ್ರೆಡ್ಡು, ಅದರಲ್ಲೂ ಹಿಟ್ಟಲ್ಲದ ಕಲಬೆರಕೆ ಬಹಳ. ಜನ ಲಕ್ಷಗಟ್ಟಲೆ ಹಸಿವಿನಿಂದ ಸತ್ತರು.

ಆ ನಗರದ ಮಧ್ಯದಲ್ಲಿ ಒಂದು ಸಸ್ಯ ಸಂಶೋಧನಾ ಸಂಸ್ಥೆ ಇತ್ತು. ನಿಕೊಲಾಯ್ ವಾವಿಲೋವ್ ಎಂಬ ವಿಜ್ಞಾನಿ ಹಲವು ಖಂಡಗಳನ್ನು ಸುತ್ತಿ ರೈತರ ಮನೆಗಳಿಂದ, ಸಂತೆಗಳಿಂದ ತಂದು ಕೂಡಿಸಿದ ಬೀಜಗಳ ಭಂಡಾರ ಅಲ್ಲಿತ್ತು. ಗೋದಿ, ಬತ್ತ, ಬಟಾಣಿ, ಶೇಂಗಾ, ಆಲೂಗಡ್ಡೆ. ಒಂದೊಂದರಲ್ಲೂ ಸಾವಿರಾರು ತಳಿ. ಬೆಳೆಗಳ ತವರು ಎಲ್ಲಿ ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟವನು ಈತ. ಆದರೆ ಮುತ್ತಿಗೆಯ ವೇಳೆಗೆ ಅವನು ಸಂಸ್ಥೆಯಲ್ಲಿರಲಿಲ್ಲ. ಅವನ ವಿಜ್ಞಾನ ಸ್ಟಾಲಿನ್ ಸರಕಾರಕ್ಕೆ ಹಿಡಿಸದೆ 1940ರ ಆಗಸ್ಟಿನಲ್ಲಿ ಬಂಧನವಾಗಿತ್ತು. ಮನುಕುಲದ ಹಸಿವು ನೀಗಬೇಕೆಂದು ಬೀಜ ಕೂಡಿಸಿದವನು 1943ರ ಜನವರಿಯಲ್ಲಿ ಸರಾತೋವ್ ಸೆರೆಮನೆಯಲ್ಲಿ ಆಹಾರವಿಲ್ಲದೆ ಸೊರಗಿ ಸತ್ತ.

ಉಳಿದ ಸಹೋದ್ಯೋಗಿಗಳು ಭಂಡಾರವನ್ನು ಕಾದರು. ಇಲಿಗಳಿಂದ ಕಾದರು, ಹೊರಗಿನ ಹಸಿದ ಜನರಿಂದ ಕಾದರು, ಎಲ್ಲಕ್ಕಿಂತ ಕಷ್ಟದ್ದು, ತಮ್ಮ ಹಸಿವಿನಿಂದ ಕಾದರು. ಆಲೂಗಡ್ಡೆ ಹೆಪ್ಪುಗಟ್ಟದಿರಲೆಂದು ಸಿಕ್ಕಿದ್ದನ್ನೆಲ್ಲ ಒಲೆಗೆ ಹಾಕಿ ಬೆಚ್ಚಗಿಟ್ಟರು. ಬತ್ತದ ತಜ್ಞ ದ್ಮಿತ್ರಿ ಇವಾನೋವ್ ಸಾವಿರಾರು ಬತ್ತದ ಪೊಟ್ಟಣಗಳ ನಡುವೆ ಹಸಿವಿನಿಂದ ಸತ್ತರು. ಶೇಂಗಾ ತಜ್ಞ ಅಲೆಕ್ಸಾಂಡರ್ ಶ್ಚೂಕಿನ್ ಮೇಜಿನ ಮುಂದೆ ಕುಳಿತಲ್ಲೇ ಪ್ರಾಣ ಬಿಟ್ಟರು. ಇನ್ನೂ ಹಲವರು ಹೀಗೆಯೇ ಹೋದರು. ಬಿತ್ತನೆಯ ಬೀಜವನ್ನು ಯಾರೂ ಬೇಯಿಸಲಿಲ್ಲ.

ಈ ಕಥೆಯನ್ನು ನಾನು ಮೊದಲು ಓದಿದ್ದು ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ. ಆಗ ನನಗೆ ನೆನಪಾದದ್ದು ನಮ್ಮ ಅಮ್ಮಮ್ಮ. ಆಷಾಢದಲ್ಲಿ ಮನೆಯ ಅಕ್ಕಿ ತೀರಿ ಹಲಸಿನ ಬೀಜ ಬೇಯಿಸಿ ತಿನ್ನುವ ದಿನಗಳಲ್ಲೂ ಅಟ್ಟದ ಮೇಲಿನ ಬೀಜದ ಮುಡಿಯನ್ನು ಅವರು ಮುಟ್ಟಗೊಡುತ್ತಿರಲಿಲ್ಲವಂತೆ. ಆ ಮುಡಿಯಲ್ಲಿದ್ದ ತಳಿ ಇಂದು ನಮ್ಮ ಮನೆಯಲ್ಲಿಲ್ಲ. ಹಸಿವಿನ ಕಾಲದಲ್ಲಿ ಉಳಿದದ್ದು ಹೊಟ್ಟೆ ತುಂಬಿದ ಕಾಲದಲ್ಲಿ ಹೋಯಿತು. ಇದನ್ನು ಬೇರೆ ಯಾರ ಮೇಲೂ ಹೊರಿಸಲಾರೆ. ನಾನು ಓದಲು ಹೋದ ವರ್ಷಗಳಲ್ಲಿಯೇ ಗದ್ದೆ ತೋಟವಾಯಿತು, ಯಾರೂ ಬೀಜ ಎತ್ತಿಡಲಿಲ್ಲ, ನಾನೂ ಕೇಳಲಿಲ್ಲ.

ಹೋದರೆ ಹೋಯಿತು, ಹೊಸ ತಳಿ ಹೆಚ್ಚು ಇಳುವರಿ ಕೊಡುತ್ತದಲ್ಲ ಎನ್ನುವವರಿದ್ದಾರೆ. ಇಳುವರಿಯ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದು ನಿದರ್ಶನ ನೋಡಿ. ನೆರೆಯ ನೀರಿನಲ್ಲಿ ಎರಡು ವಾರ ಮುಳುಗಿದರೂ ಚೇತರಿಸಿಕೊಳ್ಳುವ 'ಸ್ವರ್ಣ ಸಬ್-1' ಬತ್ತ ನಮ್ಮ ದೇಶದಲ್ಲಿ 2009ರಲ್ಲಿ ಬಿಡುಗಡೆಯಾಯಿತು. ಅದಕ್ಕೆ ಆ ಗುಣ ಬಂದದ್ದು ಒಡಿಶಾದ ರೈತರು ಉಳಿಸಿಕೊಂಡಿದ್ದ ಒಂದು ನಾಟಿ ತಳಿಯಿಂದ. ನಮ್ಮಲ್ಲೂ ವರದಾ ನದಿಯ ನೆರೆಗೆ ಜಗ್ಗದ ನೆರೆಗೂಳಿ ಇದೆ. ಅಘನಾಶಿನಿ ಅಳಿವೆಯ ಗಜನಿಯಲ್ಲಿ ಉಪ್ಪುನೀರಿಗೆ ಒಗ್ಗಿದ ಕಗ್ಗ ಇದೆ. ಕಗ್ಗ ಬೆಳೆಯುವ ಗದ್ದೆ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ಕಡಲು ಏರುವ ಕಾಲದಲ್ಲಿ ಆ ಬೀಜಕ್ಕೆ ಯಾರು ಎಷ್ಟು ಬೆಲೆ ಕಟ್ಟಿಯಾರು?

ಕರಾವಳಿಯ ಮಾತು ಬಂದದ್ದರಿಂದ ಹೇಳುತ್ತೇನೆ. ಮಂಗಳೂರು ಕಡೆಯ ಕ್ರೈಸ್ತ ಬಂಧುಗಳಿಗೆ ಸೆಪ್ಟೆಂಬರ್ 8 ಮೊಂತಿ ಹಬ್ಬ. ಮೇರಿ ಮಾತೆಯ ಹುಟ್ಟುಹಬ್ಬವೂ ಹೌದು, ಹೊಸ ತೆನೆಯ ಹಬ್ಬವೂ ಹೌದು. ಇಗರ್ಜಿಯಲ್ಲಿ ಆಶೀರ್ವದಿಸಿ ಕೊಟ್ಟ ತೆನೆಯ ಕಾಳು ಸುಲಿದು, ಹಾಲಿಗೋ ಪಾಯಸಕ್ಕೋ ಬೆರೆಸಿ, ಮನೆಮಂದಿಯೆಲ್ಲ ಹಂಚಿಕೊಂಡು, ಬಾಳೆ ಎಲೆಯ ಮೇಲೆ ಸಸ್ಯಾಹಾರದ ಊಟ ಮಾಡುತ್ತಾರೆ. ನಮ್ಮ ಮಲೆನಾಡಿನ ಹೊಸ್ತಿಗೂ ಅದಕ್ಕೂ ಏನು ವ್ಯತ್ಯಾಸ? ಗದ್ದೆಯಿಲ್ಲದ ಮನೆಗಳಿಗೂ ಆ ದಿನ ತೆನೆ ತಲುಪುತ್ತದೆ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಹೀಗಿರುವಾಗ ನಾವು ಮಾಡಬಹುದಾದದ್ದು ಏನು? ಮೆರವಣಿಗೆ, ಹಾರ ತುರಾಯಿ ನನಗೆ ಬೇಡ. ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುವುದಕ್ಕೆ ಜೂನ್ 5 ಇದ್ದೇ ಇದೆ. ನನ್ನ ಸಲಹೆ ಬೇರೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರವರನ್ನು ಕೇಳಿ ಬರೆದ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಊರಿನ ಮರ, ಬಳ್ಳಿ, ಮೀನು, ಬತ್ತದ ತಳಿ, ಮಾವಿನ ಮಿಡಿ, ಔಷಧಿಯ ಬೇರು, ಅದನ್ನು ಬಲ್ಲವರ ತಿಳಿವಳಿಕೆ ಎಲ್ಲವೂ ಅದರಲ್ಲಿ ಸೇರಬೇಕು. ನಾನು ನೋಡಿದ ಒಂದು ದಾಖಲಾತಿಯಲ್ಲಿ ಪಕ್ಕದ ಪಂಚಾಯತಿಯ ಪುಟಗಳನ್ನೇ ನಕಲು ಮಾಡಿ ಊರಿನ ಹೆಸರು ಬದಲಿಸಿದ್ದರು. ಅದರಲ್ಲಿ ನಮ್ಮ ಕಡೆ ಎಂದೂ ಬೆಳೆಯದ ಬೆಳೆಯೊಂದಿತ್ತು, ಮನೆ ಮನೆಯಲ್ಲಿರುವ ಅಪ್ಪೆಮಿಡಿ ಇರಲಿಲ್ಲ. ಕಪಾಟಿನ ಬೀಗ ತೆಗೆಸಿ ಅದನ್ನು ನೋಡಲು ಮೂರು ಸಲ ಅಲೆದೆ.

ವರ್ಷಕ್ಕೊಮ್ಮೆ, ಸೆಪ್ಟೆಂಬರ್ 8ರಂದು, ಆ ಪುಸ್ತಕವನ್ನು ಶಾಲೆಯ ಜಗಲಿಯಲ್ಲಿ ಗಟ್ಟಿಯಾಗಿ ಓದಿಸೋಣ. ಮಕ್ಕಳು ಓದಲಿ, ಅಜ್ಜ ಅಜ್ಜಿಯರು ಕುಳಿತು ತಿದ್ದಲಿ. ಇಲ್ಲದ್ದನ್ನು ಹೊಡೆದುಹಾಕಲಿ, ಬಿಟ್ಟದ್ದನ್ನು ಸೇರಿಸಲಿ. ಯಾರ ಮನೆಯಲ್ಲಿ ಯಾವ ಬೀಜ ಉಳಿದಿದೆ ಎಂದು ಅಂದೇ ಬರೆಯಲಿ, ಇಲ್ಲದವರು ಒಂದು ಹಿಡಿ ಕೇಳಿ ಒಯ್ಯಲಿ. ಸಾಕ್ಷರತಾ ದಿನ ಎಂದು ಹೇಗೂ ಸುತ್ತೋಲೆ ಬಂದಿರುತ್ತದೆ. ಮೇಷ್ಟರಿಗೆ ಪ್ರತ್ಯೇಕ ಅನುಮತಿಯೂ ಬೇಕಾಗಲಾರದು.

ಅಂದು ಶಾಲೆಯಲ್ಲಿ ನಾನು ಮಣ್ಣಿನ ಪಾಠ ಬಿಟ್ಟು ಸಾಲ್ಕಣಿಯ ಕಥೆ ಹೇಳಿದೆ. ಮುಗಿದ ಮೇಲೆ, ಬೆಳಗ್ಗೆ ಪಟ್ಟಿ ಓದಿದ ಹುಡುಗಿಯೇ ಎದ್ದು ಕೇಳಿದಳು: "ಅವರು ಅಪ್ಪಿಕೊಂಡ ಮರ ಈಗಲೂ ಇದೆಯಾ ಸಾರ್?" ಇಷ್ಟು ವರ್ಷ ಇಲ್ಲೇ ಇದ್ದು, ಪರಿಸರದ ಸಭೆಗಳಲ್ಲಿ ಅಪ್ಪಿಕೋ ಹೆಸರನ್ನು ಎಷ್ಟೋ ಸಲ ಎತ್ತಿ, ನಾನು ಆ ಕಾಡಿಗೆ ಒಮ್ಮೆಯೂ ಹೋಗಿರಲಿಲ್ಲ. ಹಾಗೆಂದು ಅವಳಿಗೆ ಒಪ್ಪಿಕೊಂಡೆ.

ಬರುವ ಸೆಪ್ಟೆಂಬರ್ 8ರ ಮಧ್ಯಾಹ್ನ, ಶಾಲೆಯ ಓದು ಮುಗಿದ ಮೇಲೆ, ಸಾಲ್ಕಣಿಯ ಕಡೆ ಹೊರಡುವುದೆಂದು ನಾವು ಕೆಲವರು ಮಾತಾಡಿಕೊಂಡಿದ್ದೇವೆ. ಅಂದು ಕಾಡಿಗೆ ನಡೆದವರಲ್ಲಿ ಯಾರಾದರೂ ಸಿಕ್ಕಿದರೆ ಅವರೇ ಮುಂದೆ ನಡೆಯುತ್ತಾರೆ. ಬರುವವರು ಕಂಬಳಿಕೊಪ್ಪೆಯನ್ನೋ ಕೊಡೆಯನ್ನೋ ತನ್ನಿ. ಉಂಬಳಕ್ಕೆ ಹಚ್ಚಿಕೊಳ್ಳಲು ಸುಣ್ಣ, ಹೊಗೆಸೊಪ್ಪು ಇರಲಿ.