ಹದಿನಾಲ್ಕರ ಮೈಕಟ್ಟು ಪ್ರತಿಭೆಯ ಅಳತೆಯಲ್ಲ

ವಿಜಯಪುರದ ಸೈಕ್ಲಿಂಗ್ ಕ್ರೀಡಾ ನಿಲಯಕ್ಕೆ 14ನೇ ವಯಸ್ಸಿಗೇ ಎತ್ತರ, ಬಲ, ವೇಗದಲ್ಲಿ ಮುಂದಿರುವವರನ್ನಷ್ಟೇ ಆರಿಸಬೇಕು, ಉಳಿದವರ ಮೇಲಿನ ಖರ್ಚು ದಂಡ ಎಂಬುದು ಈಚೆಗೆ ಪ್ರಕಟವಾದ ಲೇಖನವೊಂದರ ವಾದ. ಸರ್ಕಾರದ ಹಣ ಪೋಲಾಗಬಾರದೆಂಬ ಕಾಳಜಿ ಸರಿ. ಲೆಕ್ಕ ಮಾತ್ರ ತಪ್ಪು.

ಗಂಡುಮಕ್ಕಳು ಸರ್ರನೆ ಎತ್ತರವಾಗುವುದು ಸರಾಸರಿ 14ರ ಆಸುಪಾಸು, ಹೆಣ್ಣುಮಕ್ಕಳು 12ರ ಹೊತ್ತಿಗೆ. ಒಂದೆರಡು ವರ್ಷ ಹಿಂದುಮುಂದಾಗುವುದು ಸಹಜ. ತಿಕೋಟಾದ ಹುಡುಗನಿಗೆ ಮೀಸೆ ಚಿಗುರಿರುವಾಗ ಬಬಲೇಶ್ವರದ ಅವನ ಓರಗೆಯವನಿಗೆ ಇನ್ನೂ ದನಿಯೇ ಒಡೆದಿರುವುದಿಲ್ಲ. ಮೊದಲನೆಯವನ ಬಲದಲ್ಲಿ ಬಹುಪಾಲು ಟೆಸ್ಟೋಸ್ಟೆರಾನ್ ಹಾರ್ಮೋನು ಕೊಟ್ಟ ಮುಂಗಡ. ಎರಡನೆಯವನು ಬೆಳೆದಾಗ ಆ ಅಂತರ ಬಹಳಷ್ಟು ಕರಗುತ್ತದೆ.

ಹೀಗೆ ಆರಿಸಿದವರು ಗೆಲ್ಲುವ ಪದಕವೇ ಈ ಆಯ್ಕೆಗೆ ಸಾಕ್ಷಿ ಎನ್ನುತ್ತಾರೆ ಆ ಲೇಖಕರು. ರಸ್ತೆ ಸೈಕ್ಲಿಂಗ್‌ನಲ್ಲಿ ಸವಾರರು ಮಾಗುವುದು ಇಪ್ಪತ್ತು ದಾಟಿದ ಮೇಲೆ. ಬಾಲಕರ ಪದಕ ಅದಕ್ಕೆ ಜಾಮೀನಲ್ಲ. ಒಂದೇ ವಯಸ್ಸಿನವರ ಮೈಕಟ್ಟು ಒಂದೇ ಆಗಿರುವುದಿಲ್ಲವೆಂದು ಬೇರೆ ಆಟಗಳು ಒಪ್ಪಿವೆ: ಮೈಗೆ ಮೈ ತಾಗುವ ರಗ್ಬಿಯಲ್ಲಿ ನ್ಯೂಜಿಲೆಂಡ್‌ನವರು ಮಕ್ಕಳಿಗೆ ತೂಕದ ವಿಭಾಗಗಳನ್ನೇ ಮಾಡಿದ್ದಾರೆ. ನಮ್ಮ ಕಬಡ್ಡಿಯಲ್ಲೂ ವಯಸ್ಸಿನ ಜೊತೆ ತೂಕದ ಮಿತಿಯುಂಟು.

ಮೈಕಟ್ಟು ನೋಡಿ ಆರಿಸುವ ಪದ್ಧತಿ ಬೇಗ ಬೆಳೆದವನಿಗೂ ಒಳಿತಲ್ಲ. ಎತ್ತರ ಏರುವ ತಿಂಗಳುಗಳಲ್ಲಿ ಮೊಣಕಾಲು ನೋವು ಸಾಮಾನ್ಯ. ಆಗಲೇ ಪದಕಕ್ಕಾಗಿ ತುಳಿಸುತ್ತೇವೆ.

ಹಾಗಾದರೆ ದಾರಿಯೇನು? ಮೂರು ತಿಂಗಳಿಗೊಮ್ಮೆ ನಿಂತ ಎತ್ತರ, ಕುಳಿತ ಎತ್ತರ, ತೂಕ ಬರೆದಿಟ್ಟರೆ ಯಾರು ಬೆಳವಣಿಗೆಯ ಯಾವ ಹಂತದಲ್ಲಿದ್ದಾರೆಂದು ಅಂದಾಜಿಸಬಹುದು. ಟೇಪು, ಸ್ಟೂಲು, ತಕ್ಕಡಿ ಸಾಕು. 14ರಲ್ಲಿ ಕೈಬಿಟ್ಟವರಿಗೆ 16ರಲ್ಲಿ ಇನ್ನೊಮ್ಮೆ ಆಯ್ಕೆ ಪರೀಕ್ಷೆ ನಡೆಸಲು ಕ್ರೀಡಾ ಇಲಾಖೆ ಮನಸ್ಸು ಮಾಡಲಿ.