ಕಲಾ ವಿದ್ಯಾರ್ಥಿಗೆ ಗರಗಸವೇಕೆ?

“ಏನಯ್ಯಾ, ಬಿ.ಎ. ಓದುವವನ ಕೈಯಲ್ಲಿ ಗರಗಸವೇ?” ಎಂದು ಸಹಪಾಠಿಯೊಬ್ಬನು ನನ್ನನ್ನು ಕಂಡು ನಕ್ಕನು. ನಮ್ಮ ಇತಿಹಾಸ ಸಂಘದ ವಸ್ತುಪ್ರದರ್ಶನಕ್ಕೆ ಆಗ ಇನ್ನು ನಾಲ್ಕೇ ದಿನಗಳು ಉಳಿದಿದ್ದವು. ಮಧ್ಯಾಹ್ನದ ಬಿಡುವಿನಲ್ಲಿ ನಾನು ವರಾಂಡದ ಮೂಲೆಯಲ್ಲಿ ಕುಳಿತು, ಹಲ್ಲುಗಳು ಕಂಡೂ ಕಾಣದಷ್ಟು ಸಣ್ಣದಾದ ಗರಗಸವೊಂದರಿಂದ ಬೆರಳುದ್ದದ ಮರದ ಕಡ್ಡಿಗಳನ್ನು ಕೊಯ್ಯುತ್ತಿದ್ದೆನು. ಅವನ ಪ್ರಶ್ನೆಗೆ ಆಗ ನನಗೆ ಉತ್ತರ ಹೊಳೆಯಲಿಲ್ಲ. ನಾನೂ ಸುಮ್ಮನೆ ನಕ್ಕೆನು. ಈಗ ಹೊಳೆದಿರುವ ಉತ್ತರವನ್ನು ಗುರುಗಳ ಮತ್ತು ಗೆಳೆಯರ ಮುಂದೆ ಇಡುತ್ತಿದ್ದೇನೆ.

ಮೊದಲು ನಮ್ಮ ಪ್ರದರ್ಶನದ ಸ್ಥಿತಿಯನ್ನು ನೋಡೋಣ. ಮೇಜುಗಳ ತುಂಬ ಮಾದರಿಗಳಿದ್ದವು: ಕೋಟೆ, ದೇವಾಲಯ, ಅಣೆಕಟ್ಟು. ಅವುಗಳಲ್ಲಿ ಹೆಚ್ಚಿನವು ಅಂಗಡಿಯಲ್ಲಿ ಹಣ ಕೊಟ್ಟು ಮಾಡಿಸಿದ ಥರ್ಮೋಕೋಲಿನ ಮಾದರಿಗಳು. ತಂದವರನ್ನು “ಈ ಗೋಡೆ ಇಲ್ಲೇಕೆ ತಿರುಗಿದೆ?” ಎಂದು ಅತಿಥಿಗಳು ಕೇಳಿದರೆ, ಅವರು ಪಕ್ಕದವನ ಮುಖ ನೋಡುತ್ತಿದ್ದರು. ಇಂಥ ಮಾದರಿಗೆ ಬಹುಮಾನ ಬಂದರೆ ಅದು ನ್ಯಾಯವಾಗಿ ಸಲ್ಲಬೇಕಾದುದು ಅಂಗಡಿಯವನಿಗೆ. ಯಾರನ್ನೂ ಹಳಿಯುವುದಕ್ಕಾಗಿ ಈ ಮಾತನ್ನು ಹೇಳುತ್ತಿಲ್ಲ. ಹಿಂದಿನ ವರ್ಷ ಹಾಗೆ ಕೊಂಡು ತಂದವರಲ್ಲಿ ನಾನೂ ಒಬ್ಬನು.

ಈ ವರ್ಷ ನಾನು ಆರಿಸಿಕೊಂಡದ್ದು ಮೇಖ್ರಿ ವೃತ್ತದ ಬಳಿಯ ಕೆಂಪೇಗೌಡ ಗೋಪುರವನ್ನು. ೧೫೩೭ರಲ್ಲಿ ಬೆಂಗಳೂರನ್ನು ಕಟ್ಟಿದ ನಾಡಪ್ರಭು ನಮ್ಮ ಯಲಹಂಕದವನೆಂಬ ಹೆಮ್ಮೆ ನಮಗೆಲ್ಲರಿಗೂ ಉಂಟು. ಅವನ ವಂಶದ ಹೆಸರಿನೊಡನೆ ಪ್ರಸಿದ್ಧವಾದ ನಾಲ್ಕು ಗಡಿಗೋಪುರಗಳಲ್ಲಿ ಇದೊಂದು. ಯಲಹಂಕದಿಂದಲೋ ಹೆಬ್ಬಾಳದಿಂದಲೋ ಬಳ್ಳಾರಿ ರಸ್ತೆಯ ಬಸ್ಸಿನಲ್ಲಿ ಪೇಟೆಗೆ ಹೋಗುವ ನಾವು ಅದರ ಸಮೀಪದಲ್ಲೇ ನೂರಾರು ಸಲ ಸಾಗಿದ್ದೇವೆ. ಆದರೆ ಅದರ ಮಂಟಪ ಹೇಗಿದೆ, ಮೇಲಿನ ಗೋಪುರದ ಭಾರ ಎಲ್ಲಿ ಇಳಿಯುತ್ತದೆ ಎಂದು ಕೇಳಿದ್ದರೆ ನಾನು ಹೇಳಲಾರದವನಾಗಿದ್ದೆನು. ಕಂಬಗಳನ್ನು ಕೊಯ್ಯಬೇಕಾಗಿ ಬಂದಾಗಲೇ ನಾನು ಬಸ್ಸಿನಿಂದಿಳಿದು, ಅದರ ಎದುರು ನಿಂತು, ಪುಸ್ತಕದಲ್ಲಿ ಚಿತ್ರ ಬರೆದುಕೊಂಡದ್ದು. ಕೊಳ್ಳುವವನು ಮೇಲೆ ಮೇಲೆ ನೋಡಿದರೂ ನಡೆಯುತ್ತದೆ. ಕೊಯ್ಯುವವನು ಅಳತೆ ಹಿಡಿದು ನೋಡಲೇಬೇಕು.

ಮೊದಲ ಪ್ರಯತ್ನ ಹಾಳಾಯಿತು. ಮನೆಯಲ್ಲಿದ್ದ ದೊಡ್ಡ ಗರಗಸದಿಂದಲೇ ಕೆಲಸ ಸಾಗಿಸಬಹುದೆಂದು ನಾನು ತಿಳಿದಿದ್ದೆನು. ಅದರಲ್ಲಿ ಇಂಚಿಗೆ ಎಂಟು ಹಲ್ಲು. ಎಂದರೆ ಹಲ್ಲಿನಿಂದ ಹಲ್ಲಿಗೆ ಮೂರು ಮಿಲಿಮೀಟರಿಗೂ ಮಿಕ್ಕ ಅಂತರ. ನನ್ನ ಹಲಗೆಯ ದಪ್ಪವೇ ಮೂರು ಮಿಲಿಮೀಟರು. ಹಲಗೆ ಎರಡು ಹಲ್ಲುಗಳ ನಡುವಿನ ಸಂದಿಗೆ ಬಿದ್ದು, ಕೊಯ್ಯುವುದಕ್ಕೆ ಬದಲಾಗಿ ಸಿಗಿದುಹೋಯಿತು. ಕಂಬಗಳ ಪಾಡೂ ಅಷ್ಟೇ. ಆ ಗರಗಸ ಒಂದೊಂದು ಕೊಯ್ತಕ್ಕೆ ಸುಮಾರು ಒಂದೂವರೆ ಮಿಲಿಮೀಟರು ಮರವನ್ನು ಹೊಟ್ಟು ಮಾಡುತ್ತದೆ. ನನ್ನ ಕಂಬದ ಅಗಲ ಆರು ಮಿಲಿಮೀಟರು. ನಾಲ್ಕು ಸಲ ಕೊಯ್ಯುವಷ್ಟರಲ್ಲಿ ಒಂದು ಕಂಬದ ಅಗಲದಷ್ಟು ಮರ ನೆಲದ ಪಾಲಾಯಿತು. ಅಂತೂ ಕಂಬಗಳನ್ನು ನಿಲ್ಲಿಸಿದಾಗ ಗೋಪುರ ಕುಂಟುತ್ತಿತ್ತು.

ಇಲ್ಲಿ ನನ್ನ ಮನೆಯ ವಿಷಯವನ್ನು ಹೇಳಲೇಬೇಕು. ಆ ದೊಡ್ಡ ಗರಗಸ ನಮ್ಮ ತಂದೆಯವರದು. ಅವರು ಯಶವಂತಪುರದ ಕಡೆ ಬಾಗಿಲು ಕಿಟಕಿಗಳನ್ನು ಮಾಡುವ ಬಡಗಿ. ಕಾಲೇಜಿಗೆ ಸೇರಿದ ಮೊದಲ ವಾರ ತರಗತಿಯಲ್ಲಿ ಎಲ್ಲರೂ ತಮ್ಮ ಪರಿಚಯ ಹೇಳಿಕೊಂಡಾಗ, ನಾನು “ತಂದೆಯವರದು ವ್ಯಾಪಾರ” ಎಂದು ಹೇಳಿದ್ದೆನು. ಯಾರೂ ನನ್ನನ್ನು ಹಾಗೆ ಹೇಳೆಂದು ಬಲವಂತ ಮಾಡಿರಲಿಲ್ಲ. ವರ್ಷವಿಡೀ ಆ ಸುಳ್ಳನ್ನು ಕಾಪಾಡಿಕೊಂಡು ಬಂದೆನು. ಅಂಗಡಿಯ ಥರ್ಮೋಕೋಲನ್ನು ಕೊಂಡು ತಂದದ್ದೂ ಅದೇ ವರ್ಷ.

ಕುಂಟುವ ಗೋಪುರವನ್ನು ತಂದೆಯವರು ನೋಡಿದರು. ಬಯ್ಯಲಿಲ್ಲ. “ಬಾಗಿಲು ಕೊಯ್ಯೋ ಗರಗಸದಲ್ಲಿ ಕಡ್ಡಿ ಕೊಯ್ದರೆ ಹೀಗೇ ಆಗೋದಪ್ಪ. ಕೆಲಸ ಎಷ್ಟು ಸಣ್ಣದೋ ಹಲ್ಲೂ ಅಷ್ಟು ಸಣ್ಣದಿರಬೇಕು,” ಎಂದರು. ಅಂದಿನಿಂದ ಮೂರು ಸಂಜೆ ಅವರ ಬಳಿ ಕುಳಿತು ಕಲಿತುದನ್ನೂ ಆಮೇಲೆ ಓದಿ ತಿಳಿದುದನ್ನೂ ಸೇರಿಸಿ, ಮುಂದೆ ಮಾಡಬಯಸುವವರಿಗಾಗಿ ಹೇಳುತ್ತೇನೆ.

ಮಾದರಿಯ ಕೆಲಸಕ್ಕೆ ಮೂರು ಗರಗಸಗಳಿದ್ದರೆ ಸಾಕು. ಮೊದಲನೆಯದು ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡು. ಇದು ಬೀದಿಯ ಹಾರ್ಡ್‌ವೇರ್ ಅಂಗಡಿಗಳಲ್ಲೇ ಸಿಗುತ್ತದೆ. ಇಂಚಿಗೆ ೧೮, ೨೪, ೩೨ ಹಲ್ಲುಗಳ ಬ್ಲೇಡುಗಳಲ್ಲಿ ೩೨ರದನ್ನೇ ಕೇಳಿ ಪಡೆಯಬೇಕು. ಒರಟು ಕೆಲಸಕ್ಕೂ ಲೋಹದ ಸಣ್ಣ ತುಂಡುಗಳಿಗೂ ಇದು ಸಾಕು. ಎರಡನೆಯದು ಬೆನ್ನಿಗೆ ಗಟ್ಟಿಯಾದ ಲೋಹದ ಪಟ್ಟಿಯಿರುವ, ರೇಜರ್ ಸಾ ಎಂದು ಕರೆಯುವ ಪುಟ್ಟ ಗರಗಸ. ಇದರಲ್ಲಿ ಇಂಚಿಗೆ ನಲವತ್ತು ಐವತ್ತು ಹಲ್ಲುಗಳಿದ್ದು, ಕೊಯ್ತದ ಅಗಲ ಮಿಲಿಮೀಟರಿನ ಮೂರನೆಯ ಒಂದು ಭಾಗವನ್ನೂ ಮೀರುವುದು ಅಪರೂಪ. ನೇರವಾದ ಕೊಯ್ತಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಮೂರನೆಯದು ಅಕ್ಕಸಾಲಿಗರ ಗರಗಸ. ಬಿಲ್ಲಿನಂಥ ಚೌಕಟ್ಟಿಗೆ ದಾರದಂಥ ಅಲಗನ್ನು ಬಿಗಿದದ್ದು. ಕಮಾನು, ಜಾಲಂಧ್ರ, ಬಳ್ಳಿಯ ತಿರುವು ಮೊದಲಾದವಕ್ಕೆ ಇದೇ ಬೇಕು. ಚಿಕ್ಕಪೇಟೆಯ ಕಡೆ ಅಕ್ಕಸಾಲಿಗರ ಸಾಮಾನು ಮಾರುವ ಅಂಗಡಿಗಳಲ್ಲಿ ಇದರ ಅಲಗುಗಳು ಡಜನ್ನಿನ ಲೆಕ್ಕದಲ್ಲಿ ದೊರೆಯುತ್ತವೆ.

ಆರಿಸುವಾಗ ನೆನಪಿಡಬೇಕಾದ ಸೂತ್ರ ಒಂದೇ: ಕೊಯ್ಯುವ ವಸ್ತುವಿನ ದಪ್ಪದಲ್ಲಿ ಕಡಮೆಯೆಂದರೆ ಮೂರು ಹಲ್ಲುಗಳಾದರೂ ಒಮ್ಮೆಗೆ ಕೂಡಬೇಕು. ಇಂಚಿಗೆ ೩೨ ಹಲ್ಲೆಂದರೆ ಒಂದು ಹಲ್ಲಿಗೆ ೦.೮ ಮಿಲಿಮೀಟರು, ಮೂರು ಮಿಲಿಮೀಟರಿನ ಹಲಗೆಗೆ ಇದು ಸರಿಹೋಗುತ್ತದೆ. ಎರಡು ಮಿಲಿಮೀಟರಿಗೆ ಇನ್ನೂ ಸಣ್ಣ ಹಲ್ಲು ಬೇಕು. ಹಾಗೆಂದು ದಪ್ಪ ತುಂಡಿಗೆ ತೀರ ಸಣ್ಣ ಹಲ್ಲನ್ನು ಹಚ್ಚಿದರೆ, ಹೊಟ್ಟು ಸಂದಿಗಳಲ್ಲಿ ತುಂಬಿಕೊಂಡು ಗರಗಸ ಜಾರುತ್ತದೆಯೇ ಹೊರತು ಕೊಯ್ಯುವುದಿಲ್ಲ. ಮರವೂ ಮುಖ್ಯ. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆಮರ ನುಣ್ಣಗೆ ಒಂದೇ ಸಮನಾಗಿ ಕೊಯ್ಯಲು ಬರುತ್ತದೆ. ಅದು ಸಿಗದಿದ್ದರೆ ಸಾಮಾನು ತುಂಬಿ ಬರುವ ಪೈನ್ ಪೆಟ್ಟಿಗೆಗಳ ಹಲಗೆಯೂ ಆಗುತ್ತದೆ. ನನ್ನ ಗೋಪುರ ಅಂಥ ಪೆಟ್ಟಿಗೆಯೊಂದರಿಂದಲೇ ಎದ್ದಿತು.

ಇನ್ನು ಬಳಸುವ ಬಗೆ. ಗೆರೆಯನ್ನು ಪೆನ್ಸಿಲಿನಿಂದ ಎಳೆಯುವುದಕ್ಕಿಂತ ಚೂಪಾದ ಚಾಕುವಿನಿಂದ ಗೀರುವುದು ಲೇಸು. ನಾರು ಮೊದಲೇ ಕಡಿದಿರುವುದರಿಂದ ಅಂಚು ಸಿಬಿರೇಳುವುದಿಲ್ಲ. ಗೆರೆಯ ಮೇಲೆ ಕೊಯ್ಯದೆ, ಬಿಸುಡುವ ಭಾಗದ ಕಡೆಗೆ ಗೆರೆಯನ್ನು ತಾಕಿಕೊಂಡು ಕೊಯ್ಯಬೇಕು. ಮೊದಲು ಎರಡು ಮೂರು ಸಲ ಗರಗಸವನ್ನು ಮೆಲ್ಲಗೆ ಹಿಂದಕ್ಕೆ ಎಳೆದು ಜಾಡು ಮಾಡಿಕೊಳ್ಳಬೇಕು. ಆಮೇಲೆ ಉದ್ದವಾದ ಎಳೆತ, ಹಗುರವಾದ ಕೈ. ಅಕ್ಕಸಾಲಿಗರ ಅಲಗಿನ ಹಲ್ಲುಗಳು ಹಿಡಿಯ ಕಡೆಗೆ ಮುಖ ಮಾಡಿರಬೇಕು, ಏಕೆಂದರೆ ಅದು ಎಳೆಯುವಾಗ ಕೊಯ್ಯತಕ್ಕದ್ದು. ಬಿಗಿದ ಅಲಗನ್ನು ಉಗುರಿನಿಂದ ಮೀಟಿದರೆ ತಂತಿಯಂತೆ ದನಿಗೊಡಬೇಕು. ಆಗಾಗ ಜೇನುಮೇಣ ಸವರುತ್ತಿದ್ದರೆ ಅಲಗು ಬೇಗ ಮುರಿಯದು. ನಾಲ್ಕು ಕಂಬಗಳು ಒಂದೇ ಉದ್ದಕ್ಕೆ ಬರಬೇಕಾದರೆ ಒಂದೊಂದನ್ನೂ ಅಳೆಯುತ್ತ ಕೂರಬಾರದು. ಹಲಗೆಯ ಮೇಲೆ ತಡೆಯಾಗಿ ಒಂದು ತುಂಡನ್ನು ಹೊಡೆದು, ನಾಲ್ಕನ್ನೂ ಅದಕ್ಕೇ ಆನಿಸಿ ಕೊಯ್ಯಬೇಕು. ಈ ಒಂದು ಉಪಾಯದಿಂದ ನನ್ನ ಗೋಪುರದ ಕುಂಟು ಹೋಯಿತು.

ನಾನು ಅವಸರದಿಂದ ಗರಗಸವನ್ನು ಒತ್ತುತ್ತಿದ್ದಾಗಲೆಲ್ಲ ತಂದೆಯವರು, “ಒತ್ತಬೇಡ ಮಗಾ. ನೀನು ದಾರಿ ತೋರಿಸು, ಅದೇ ಹೋಗುತ್ತೆ,” ಎನ್ನುತ್ತಿದ್ದರು. ತಮ್ಮ ವಿದ್ಯೆಯ ವಿಷಯವಾಗಿ ಅವರು ಇಷ್ಟು ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ನಾನೇ ಕೇಳಿರಲಿಲ್ಲವಷ್ಟೆ.

ಈಗ ಆಕ್ಷೇಪಣೆಗೆ ಬರೋಣ. “ಕಂಪ್ಯೂಟರಿನಲ್ಲಿ ಚಿತ್ರ ಬರೆದರೆ ಲೇಸರ್ ಯಂತ್ರ ಕ್ಷಣದಲ್ಲಿ ಕೊಯ್ದುಕೊಡುವ ಕಾಲದಲ್ಲಿ ಈ ಹಳೆಯ ಪಾಡೇಕೆ?” ಎಂದು ಕೆಲವರು ಕೇಳಿಯಾರು. ಯಂತ್ರದ ಮೇಲೆ ನನಗೆ ಹಗೆಯಿಲ್ಲ. ಗಂಗ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. ೭೫೦ರ ಕಿತ್ತಯ್ಯನ ವೀರಗಲ್ಲು ೨೦೧೮ರಲ್ಲಿ ನಮ್ಮ ಹೆಬ್ಬಾಳದಲ್ಲಿ ಬೆಳಕಿಗೆ ಬಂದಾಗ, ಮಿಥಿಕ್ ಸೊಸೈಟಿಯವರು ಅದನ್ನು ಮೂರು ಆಯಾಮದ ಸ್ಕ್ಯಾನ್ ಮಾಡಿ ಅದರ ಅಕ್ಷರಗಳನ್ನು ಕಾಪಾಡಿದುದು ಯಂತ್ರದ ಉಪಕಾರವೇ ಸರಿ. ಆದರೆ ಅಲ್ಲಿ ಬೇಕಾದದ್ದು ತಪ್ಪಿಲ್ಲದ ನಕಲು. ನಮಗೆ ಬೇಕಾದದ್ದು ಕಲಿಕೆ. ಯಂತ್ರ ಕೊಯ್ದುಕೊಟ್ಟ ಕಂಬ ನನಗಿಂತ ನೇರವಾಗಿದ್ದೀತು. ಆದರೆ ಅದು ಏಕೆ ನೇರವಾಗಿರಬೇಕೆಂಬುದು ನನಗೆ ತಿಳಿದದ್ದು ಸೊಟ್ಟಗೆ ಕೊಯ್ದ ಮೇಲೆ.

ಅಲ್ಲದೆ ಸೂಕ್ಷ್ಮ ಕೆಲಸ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ೧೯೫೩ರಲ್ಲಿ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಆರಂಭವಾಯಿತು, ೧೯೬೧ರಲ್ಲಿ ಅಲ್ಲಿಯೇ ಗಡಿಯಾರದ ಕಾರ್ಖಾನೆ ಬಂದಿತು. ಆ ಗಡಿಯಾರಗಳ ತಯಾರಿಕೆ ಈಗ ಹಿಂದಿನಂತಿಲ್ಲ. ಆದರೆ ಕೂದಲೆಳೆಯ ಅಳತೆಯನ್ನು ಬಲ್ಲ ಕೈಗಳು ನಮ್ಮ ಸುತ್ತಲಿನ ಮನೆಗಳಲ್ಲಿ ಇನ್ನೂ ಇವೆ. ಮೈಸೂರಿನ ಬೀಟೆಮರದ ಕುಸುರಿ ಕೆಲಸದವರು ಹೂವು, ಎಲೆ, ಆನೆಗಳನ್ನು ಇಂಥ ದಾರದ ಗರಗಸದಿಂದಲೇ ಬಿಡಿಸಿ ಮರದಲ್ಲಿ ಕೂರಿಸುತ್ತಾರೆ. ೧೯೩೭ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿಯವರು ಕೈಕಸಬಿನ ಮೂಲಕವೇ ವಿದ್ಯೆ ನಡೆಯಬೇಕೆಂದು ಪ್ರತಿಪಾದಿಸಿದರು. ನಾವಾದರೋ ಶರಣರ ಕಾಯಕ ತತ್ತ್ವವನ್ನು ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಸೊಗಸಾಗಿ ಬರೆಯುತ್ತೇವೆ. ಆ ಶರಣರಲ್ಲಿ ಬಾಚಿಕಾಯಕದ ಬಸವಣ್ಣನೆಂಬ ಬಡಗಿಯೂ ಇದ್ದನೆಂದು ಬರೆದು ಅಂಕ ಪಡೆದ ನಾನೇ, ಮನೆಯ ಬಡಗಿಯನ್ನು ವ್ಯಾಪಾರಿಯೆಂದು ಹೇಳಿದವನು!

ಆದುದರಿಂದ ನನ್ನ ವಿಜ್ಞಾಪನೆ ಇಷ್ಟೆ. ಮುಂದಿನ ಪ್ರದರ್ಶನಕ್ಕೆ ಕೊಂಡು ತಂದ ಮಾದರಿಗಳನ್ನು ಬಹುಮಾನಕ್ಕೆ ಪರಿಗಣಿಸಬಾರದು. ಇತಿಹಾಸ ಸಂಘಕ್ಕೆ ಒಂದು ಗಟ್ಟಿ ಮೇಜು, ನಾಲ್ಕಾರು ಸಣ್ಣ ಗರಗಸ, ಒಂದು ಅರ, ಒಂದಿಷ್ಟು ಉಪ್ಪುಕಾಗದ ದೊರಕಲಿ. ಅಂಗಡಿಯ ಮಾದರಿಗಳಿಗೆ ನಾವು ವರ್ಷವರ್ಷವೂ ಸುರಿಯುವ ಹಣದಲ್ಲಿ ಇದು ಸುಲಭವಾಗಿ ಆಗುತ್ತದೆ. ಕಲಿಸುವವರಿಗಾಗಿ ದೂರ ಹುಡುಕಬೇಕಾಗಿಲ್ಲ. ನಮ್ಮಲ್ಲಿ ಎಷ್ಟೋ ಮಂದಿಯ ಮನೆಗಳಲ್ಲಿ ಅವರು ಇದ್ದಾರೆ. ಒಂದು ಶನಿವಾರ ಅವರನ್ನು ಅತಿಥಿಗಳಾಗಿ ಕರೆದು, ಕುರ್ಚಿ ಕೊಟ್ಟು, ಮಾತಾಡಿಸೋಣ.

ಪ್ರದರ್ಶನದಲ್ಲಿ ನನ್ನ ಗೋಪುರಕ್ಕೆ ಬಹುಮಾನ ಬರಲಿಲ್ಲ. ಥರ್ಮೋಕೋಲಿನ ಅರಮನೆಯೊಂದಕ್ಕೆ ಬಂದಿತು. ಅದು ದೊಡ್ಡದಾಗಿತ್ತು, ದೀಪಗಳೂ ಇದ್ದವು. ಆದರೆ ನಮ್ಮ ಅಧ್ಯಾಪಕರೊಬ್ಬರು ನನ್ನ ಮೇಜಿನ ಬಳಿ ನಿಂತು, ಗೋಪುರವನ್ನು ಬೆರಳಿನಿಂದ ಮೆಲ್ಲಗೆ ಅಲುಗಿಸಿ ನೋಡಿದರು. ಅದು ಕುಂಟಲಿಲ್ಲ. “ಯಾರು ಕಲಿಸಿದರಪ್ಪ?” ಎಂದು ಕೇಳಿದರು. ಪಕ್ಕದಲ್ಲಿ ಅಂದು ನಕ್ಕಿದ್ದ ಗೆಳೆಯನೂ ಇದ್ದನು. “ನಮ್ಮ ತಂದೆಯವರು ಸಾರ್, ಬಡಗಿ,” ಎಂದೆನು. ಈ ವರ್ಷದ ಅರ್ಜಿಯಲ್ಲಿ ತಂದೆಯ ಉದ್ಯೋಗದ ಎದುರಿಗೂ ಹಾಗೆಯೇ ಬರೆದಿದ್ದೇನೆ.