ಹಾಡು ಸಿಕ್ಕಿತು, ಮಾತು ಎಲ್ಲಿ?



ಕ್ರಿಸ್‌ಮಸ್‌ನ ಮರುದಿನವಾದ ಡಿಸೆಂಬರ್ 26ಕ್ಕೆ ಇಂಗ್ಲೆಂಡಿನಲ್ಲಿ ಬಾಕ್ಸಿಂಗ್ ಡೇ ಎನ್ನುತ್ತಾರೆ. ಅಂದು ಇಡೀ ದೇಶಕ್ಕೆ ರಜೆ. 2000ನೇ ಇಸವಿಯ ಆ ದಿನ ಬಿಬಿಸಿಯ ರೇಡಿಯೊ 4 ಏನು ಮಾಡಿತು ಗೊತ್ತೆ? ಹ್ಯಾರಿ ಪಾಟರ್ ಸರಣಿಯ ಮೊದಲ ಪುಸ್ತಕವನ್ನು ಸ್ಟೀಫನ್ ಫ್ರೈ ಎಂಬ ನಟನ ದನಿಯಲ್ಲಿ ಒಂದೇ ದಿನ ಕೇಳಿಸಿತು. ಸುಮಾರು ಎಂಟು ಗಂಟೆ! ಸಿನಿಮಾ ಹಾಡಿಲ್ಲ, ಜಾಹೀರಾತಿಲ್ಲ. ಒಬ್ಬ ಮನುಷ್ಯ, ಒಂದು ಪುಸ್ತಕ, ಒಂದು ಭಾಷೆ.

ಇದೇನು ಒಂದು ದಿನದ ಹುಚ್ಚಲ್ಲ. ಅದೇ ರೇಡಿಯೊ 2015ರ ಜನವರಿ 1ರಂದು ಟಾಲ್‌ಸ್ಟಾಯ್‌ನ 'ಯುದ್ಧ ಮತ್ತು ಶಾಂತಿ'ಯನ್ನು ಹತ್ತು ಗಂಟೆಗಳ ನಾಟಕ ಮಾಡಿ ಪ್ರಸಾರ ಮಾಡಿತು. ರಷ್ಯನ್ನರ ಕಾದಂಬರಿಯನ್ನೂ ತಮ್ಮ ನುಡಿಯಲ್ಲೇ ಕೇಳಿದರು. ರೈತ ಕುಟುಂಬದ ಕತೆ ಹೇಳುವ 'ದಿ ಆರ್ಚರ್ಸ್' 1951ರಿಂದ ಇಂದಿಗೂ ಮುಗಿದಿಲ್ಲ. ಕ್ರಿಸ್‌ಮಸ್ ದಿನ ಅರಮನೆಯವರು ರೇಡಿಯೊದಲ್ಲಿ ಮಾತಾಡುವ ಪದ್ಧತಿ 1932ರಲ್ಲೇ ಶುರುವಾಯಿತು. ಅವರ ಹಬ್ಬದಲ್ಲಿ ಮಾತಿಗೂ ಒಂದು ಎಲೆ ಹಾಕಿದ್ದಾರೆ.

ಇಂಗ್ಲಿಷಿನ ಗುಣಗಾನಕ್ಕೆ ಈ ಪತ್ರಿಕೆಯೇ ಬೇಕಿತ್ತೆ ಎಂದು ನೀವು ಹುಬ್ಬೇರಿಸಬಹುದು. ಸ್ವಲ್ಪ ತಡೆಯಿರಿ. ಅದೇ ಇಂಗ್ಲಿಷಿನ ನೆರಳಿನಲ್ಲಿ ವೇಲ್ಸ್ ಎಂಬ ಪುಟ್ಟ ನಾಡಿದೆ. 2021ರ ಜನಗಣತಿಯಂತೆ ಅಲ್ಲಿ ವೆಲ್ಷ್ ಬಲ್ಲವರು ಸುಮಾರು 5 ಲಕ್ಷ 38 ಸಾವಿರ. ನಮ್ಮ ಒಂದು ಜಿಲ್ಲೆಯ ಜನರಷ್ಟೂ ಇಲ್ಲ! ಆದರೂ ಆ ಭಾಷೆಗೆ 1977ರಿಂದ ತನ್ನದೇ ರೇಡಿಯೊ ಇದೆ, ರೇಡಿಯೊ ಕಮ್ರಿ. ಸುದ್ದಿ, ಹರಟೆ, ಆಟ ಎಲ್ಲವೂ ವೆಲ್ಷ್‌ನಲ್ಲೇ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಎಂದವರು 4 ಕೋಟಿ 37 ಲಕ್ಷ. ಈಗ ಹೇಳಿ, ಅಲ್ಪಸಂಖ್ಯಾತರಂತೆ ಬದುಕುತ್ತಿರುವವರು ಯಾರು?

ನಮಗೆ ರೇಡಿಯೊ ಹೊಸದಲ್ಲ. 1935ರಲ್ಲೇ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು ಸ್ವಂತ ಬಾನುಲಿ ಕೇಂದ್ರ ತೆರೆದರು. ಇಂದು ಇಡೀ ಭಾರತ ಬಳಸುವ 'ಆಕಾಶವಾಣಿ' ಎಂಬ ಹೆಸರನ್ನು ಮೊದಲು ಹೊತ್ತದ್ದು ಆ ಕೇಂದ್ರ. ಬೆಂಗಳೂರು ಆಕಾಶವಾಣಿಯ ಎ.ಎಸ್. ಮೂರ್ತಿಯವರನ್ನು ಹಳ್ಳಿಯ ಜನ 'ಈರಣ್ಣ' ಎಂದೇ ಕರೆದರು. ಮಾತಿಗೆ ಅಷ್ಟು ಶಕ್ತಿಯಿತ್ತು!

2001ರಲ್ಲಿ ಬೆಂಗಳೂರಿಗೆ ಖಾಸಗಿ ಎಫ್‌ಎಂ ಬಂತು. ಕನ್ನಡದ ರಾಜಧಾನಿಯಲ್ಲಿ ಹಿಂದಿ ಹಾಡು ಕೇಳಿ ಕೇಳಿ ನಮಗೆ ರೋಸಿ ಹೋಯಿತು. ಕನ್ನಡ ಹಾಡು ಹಾಕಿ ಎಂದು ಕೂಗಿದೆವು, ಗೆದ್ದೆವು ಕೂಡ. ಆದರೆ ಹಾಡು ಮುಗಿದ ಕೂಡಲೇ ಕಿವಿಗೆ ಬೀಳುವುದೇನು? ಅರ್ಧ ಇಂಗ್ಲಿಷ್, ಕಾಲು ಕನ್ನಡ, ಮಿಕ್ಕಿದ್ದು ನಗು. ಹಾಡು ಮೂರು ನಿಮಿಷದ್ದು. ಮೂರು ನಿಮಿಷಕ್ಕೆ ಕುಗ್ಗಿದ ಭಾಷೆ ಎಷ್ಟು ದಿನ ಬಾಳೀತು? ಜಗಳವಾಡಲು, ಲೆಕ್ಕ ಹೇಳಲು, ವಿಜ್ಞಾನ ವಿವರಿಸಲು ಬರೀ ಹಾಡು ಸಾಕೆ?

ನನ್ನ ಪ್ರೆಸ್ಸಿನ ಕತೆ ಕೇಳಿ. ಡಿಸೆಂಬರ್ ಎಂದರೆ ಕ್ಯಾಲೆಂಡರ್, ಡೈರಿಗಳ ಸುಗ್ಗಿ. ಹುಡುಗರು ರಾತ್ರಿಯೆಲ್ಲ ಹಾಳೆ ಮಡಚುತ್ತಾರೆ, ಪಿನ್ ಹೊಡೆಯುತ್ತಾರೆ. ಕೈಗೆ ಕೆಲಸ, ಕಣ್ಣಿಗೆ ಕೆಲಸ, ಕಿವಿ ಮಾತ್ರ ಖಾಲಿ. ಅದೇ ಹತ್ತು ಹಾಡು ತಿರುಗಿ ತಿರುಗಿ ಬರುತ್ತವೆ. ಆ ಕಿವಿಗೆ ಒಂದು ಕಾದಂಬರಿ ಬಿದ್ದರೆ ಬೇಡ ಎನ್ನುತ್ತಾರೆಯೆ? ಆಟೋ ಓಡಿಸುವವನ, ಗಾರ್ಮೆಂಟ್ಸ್‌ನ ಅಕ್ಕತಂಗಿಯರ, ರಾತ್ರಿ ಕಾವಲಿನವನ ಕಿವಿಯೂ ಹೀಗೆಯೇ ಕಾಯುತ್ತಿದೆ.

"ಈಗಿನ ಹುಡುಗರಿಗೆ ತಾಳ್ಮೆ ಇಲ್ಲ" ಎಂಬುದು ಬುದ್ಧಿವಂತರ ರಾಗ. ಸುಳ್ಳು! 2010ರಲ್ಲಿ ಮೈಸೂರಿನ ರಂಗಾಯಣ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಸುಮಾರು ಒಂಬತ್ತು ಗಂಟೆಗಳ ನಾಟಕ ಮಾಡಿತು. ಜನ ಇಡೀ ರಾತ್ರಿ ನಿದ್ದೆಗೆಟ್ಟು ನೋಡಿದರು. ಬೆಳಗಿನವರೆಗೆ ಯಕ್ಷಗಾನ ನೋಡಿದವರ ಮೊಮ್ಮಕ್ಕಳು ನಾವು. ತಾಳ್ಮೆ ನಮ್ಮಲ್ಲಿದೆ. ಧೈರ್ಯ ಇಲ್ಲದಿರುವುದು ಬಾನುಲಿ ನಡೆಸುವವರಿಗೆ!

ಬಿಬಿಸಿಗೆ ಜನ ಕಟ್ಟುವ ಲೈಸೆನ್ಸ್ ಹಣವಿದೆ, ಖಾಸಗಿ ಎಫ್‌ಎಂ ಜಾಹೀರಾತಿನಿಂದ ಬದುಕಬೇಕು, ಒಪ್ಪೋಣ. ಹಾಗಾದರೆ ಜನರ ತೆರಿಗೆ ಹಣವಿರುವ ಆಕಾಶವಾಣಿಯಿಂದಲೇ ಶುರುವಾಗಲಿ. ಬಾಕ್ಸಿಂಗ್ ಡೇ ಕಳೆದ ಮೂರನೇ ದಿನ ಡಿಸೆಂಬರ್ 29, ಕುವೆಂಪು ಹುಟ್ಟಿದ ದಿನ. ಅಂದು ಬೆಳಗ್ಗೆಯಿಂದ ಸಂಜೆಯವರೆಗೆ ಎಂಟು ಗಂಟೆ ಕನ್ನಡ ಓದಲಿ. 'ಮದುಮಗಳು' ಪೂರ್ತಿ ಒಂದು ದಿನಕ್ಕೆ ಮುಗಿಯುವುದಿಲ್ಲ, ಆಯ್ದ ಅಧ್ಯಾಯಗಳು ಸಾಕು. ಹಕ್ಕುದಾರರ ಒಪ್ಪಿಗೆ ಪಡೆದು, ಒಳ್ಳೆಯ ನಟರ ಕೈಗೆ ಪುಸ್ತಕ ಕೊಡಿ. ಖಾಸಗಿಯವರು ಅಂದು ಒಂದು ಗಂಟೆ ಕೊಡಲಿ, ನಷ್ಟವೇನೂ ಆಗದು.

ಇನ್ನು ನಿಮ್ಮ ಪಾಲು. ಆಕಾಶವಾಣಿಯಲ್ಲಿ ಈಗಲೂ ಕನ್ನಡದ ನಾಟಕ, ಚಿಂತನ ಬರುತ್ತಿವೆ. ನಿಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೀರಿ? ಕೇಳದೆ ಬೈಯುವ ಹಕ್ಕು ನಮಗಿಲ್ಲ. ಮೊದಲು ಕೇಳಿ, ಆಮೇಲೆ ನಿಲಯಕ್ಕೆ ಪತ್ರ ಬರೆಯಿರಿ. ಸಂಘದ ಲೆಟರ್‌ಹೆಡ್ ಬೇಡ, ಒಬ್ಬೊಬ್ಬರೂ ನಿಮ್ಮ ಹೆಸರು, ಊರು ಹಾಕಿ ಬರೆಯಿರಿ. ಒಂದು ಪತ್ರವನ್ನು ಕಸದ ಬುಟ್ಟಿಗೆ ಹಾಕಬಹುದು. ಹತ್ತು ಸಾವಿರ ಪತ್ರಗಳನ್ನು ಎಲ್ಲಿ ಹಾಕುತ್ತಾರೆ?